ಬೀಳದ ಹುಲಿ

"ಏನ್ರೀ ಇದು, ಬಂದೂಕೇನು?" ಕಮಲಾಪುರದ ಬಸ್ಸಿನಲ್ಲಿ ಕಂಡಕ್ಟರು ಕರೀಂಸಾಬರ ಬಗಲಲ್ಲಿದ್ದ ಬಟ್ಟೆಯ ಸುತ್ತನ್ನು ಎಳೆದೇಬಿಟ್ಟ.

"ಕಟ್ಟಿಗೀದು. ಮೊಹರಮ್ಮಿನ್ಯಾಗ ಹುಲಿ ಹೊಡಿಯೂದು."

"ಈಗ ಹುಲಿ ಎಲ್ಲಿ ಉಳದಾವ್ರೀ ಸಾಬ್ರ?"

"ನಮ್ಮೂರಾಗ ಒಂದಿತ್ತು. ಮಾಪಣ್ಣ ಅಂತ. ಇವತ್ತು ನಸುಕಿನ್ಯಾಗ ಹೋತು."

ಅಷ್ಟು ಹೇಳಿ ಮುದುಕ ಕರೀಂಸಾಬರು ಸುತ್ತನ್ನು ಮತ್ತೆ ಬಗಲಿಗೆ ಸೇರಿಸಿಕೊಂಡರು. ಸುದ್ದಿ ಬಂದದ್ದೇ ಕಲಬುರಗಿಯ ರೋಜಾ ಬಡಾವಣೆಯ ಮಗಳ ಮನೆಯಿಂದ, ಅಲ್ಲೇ ಇಟ್ಟಿದ್ದ ಈ ಕಟ್ಟಿಗೆಯ ಬಂದೂಕು ಎತ್ತಿಕೊಂಡು, ಚಹಾ ಸಹ ಕುಡಿಯದೆ ಎದ್ದು ಬಂದಿದ್ದರು. ಹೋದ ಮೊಹರಮ್ಮಿನಿಂದ ಮಾಪಣ್ಣನ ಜೊತೆ ಮಾತು ಬಿಟ್ಟಿದ್ದರು. ಈಗ ಆಡೋಣವೆಂದರೆ ಕೇಳಲು ಆ ಪುಣ್ಯಾತ್ಮನೇ ಇಲ್ಲ.

*

ಹರೆಯದಿಂದಲೂ ಇಬ್ಬರದು ಜೋಡಿ ವೇಷ. ಮಾಪಣ್ಣ ಮೈಗೆಲ್ಲ ಹಳದಿ ಬಳಿದುಕೊಂಡು, ಕರಿ ಪಟ್ಟೆ ಎಳೆಸಿಕೊಂಡು ಹುಲಿ, ಕರೀಂಸಾಬರು ಬೇಟೆಗಾರ. ಹಲಗಿಯ ಬಡಿತ ಏರಿದಂತೆ ಹುಲಿ ಕುಣಿಯಬೇಕು, ಬೇಟೆಗಾರ 'ಢಂ' ಎಂದೊಡನೆ ಬೀಳಬೇಕು. ಆಮೇಲೆ ಹೊಡೆದವನೇ ಕೈಕೊಟ್ಟು ಎಬ್ಬಿಸಬೇಕು. ಅದು ಪದ್ಧತಿ.

ಹೋದ ವರ್ಷ ಢಂ ಎಂದರೂ ಮಾಪಣ್ಣ ಬೀಳಲಿಲ್ಲ.

"ಬೀಳೋ ಮಾರಾಯಾ, ಮಂದಿ ನೋಡಾಕತ್ತಾರ!"

"ಬೀಳಂಗಿಲ್ಲ ಕರೀಮಾ. ಕಲಬುರಗಿ ದವಾಖಾನಿ ಟಿವಿಯಾಗ ನೋಡೀನಿ. ಉರುಲಿಗೆ ಸಿಕ್ಕು ಹೆಣ್ಣುಹುಲಿ ಸತ್ತಿತ್ತು. ಮರಿಗೋಳು ಅದರ ಹೊಟ್ಟೀಗೆ ಮುಸುಡಿ ಹಚ್ಚಿ ಹಾಲು ಹುಡುಕಾಕತ್ತಿದ್ವು. ಕಾಡು ಕಡದ್ರು, ಉರುಲು ಒಡ್ಡಿದ್ರು, ಇಷ ಇಟ್ರು. ಖರೇ ಹುಲಿ ಅಲ್ಲಿ ಸಾಯ್ತಾವ. ಬಣ್ಣದ್ದರೇ ಇಲ್ಲಿ ಬದುಕಲಿ ಬಿಡು."

"ಸಾಬರ ಬಂದೂಕು ಠುಸ್!" ಎಂದು ಯಾರೋ ಕೂಗಿದರು. ಊರೇ ಹೋ ಎಂದು ನಕ್ಕಿತು. ಕರೀಂಸಾಬರಿಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಬಂದೂಕು ಹೆಗಲಿಗೇರಿಸಿ ನಡೆದವರು ತಿರುಗಿಯೂ ನೋಡಲಿಲ್ಲ.

*

ಅಂಗಳದಲ್ಲಿ ಚಟ್ಟ ಕಟ್ಟಿ ಮಾಪಣ್ಣನನ್ನು ಮಲಗಿಸಿದ್ದರು. ಅವನ ಹೆಂಡತಿ ಸಾಬಮ್ಮ ಕರೀಂಸಾಬರನ್ನು ಕಂಡದ್ದೇ ಎದೆ ಬಡಿದುಕೊಂಡಳು.

"ಈಗ ಬಂದೇನಣ್ಣಾ? 'ಕರೀಮನ ಸಿಟ್ಟು ಹಾಲು ಉಕ್ಕಿದಂಗ, ಇಳೀತದ, ಬರ್ತಾನ' ಅಂತ ಬಾಗಿಲಾ ನೋಡಿ ನೋಡಿ ಹೋದ."

"ನಂದು ಹಾಳು ಸಿಟ್ಟು, ತಂಗೀ" ಎಂದರು ಕರೀಂಸಾಬರು. ಬಟ್ಟೆಯ ಸುತ್ತು ಬಿಚ್ಚತೊಡಗಿದರು.

ನೆರೆಮನೆಯ ಭಾಗಮ್ಮ ಸುಮ್ಮನಿರುವವಳಲ್ಲ. "ಯವ್ವಾ, ಬಂದೂಕ ತಂದೀರಿ! ಸತ್ತ ಹುಲೀನೂ ಬಿಡಂಗಿಲ್ಲೇನ್ರೀ?"

ಕರೀಂಸಾಬರು ಬಾಗಿ, ಮಾಪಣ್ಣನ ತಣ್ಣಗಾದ ತೋಳನ್ನು ಮೆಲ್ಲಗೆ ಸರಿಸಿ ಬಂದೂಕನ್ನು ಅವನ ಎದೆಗೆ ಒರಗಿಸಿದರು.

"ಈ ಸಲ ಹೊಡಿಯೂ ಪಾಳಿ ನಿಂದು, ದೋಸ್ತಾ."

ನಾಲ್ವರು ಚಟ್ಟ ಎತ್ತಿದರು. ಕರೀಂಸಾಬರು ಹಲಗಿಯವನ ಕಡೆ ತಿರುಗಿದರು. "ಸಾವಿಂದು ಬ್ಯಾಡಪಾ. ಹುಲಿ ಕುಣಿತದ್ದು ಬಾರ್ಸು."

ಅವನು ಸಾಬಮ್ಮನ ಮುಖ ನೋಡಿದ. ಅವಳು ಹೂಂ ಎಂದಳು. ಹಲಗಿ ಏರಿತು. ಬೇಟೆಗಾರ ಮೊದಲಿನ ಹಾಗೆಯೇ ಹುಲಿಯ ಮುಂದೆ ಹಿಂದಡಿ ಇಡುತ್ತ ಕುಣಿದ. ಹಲಗಿಯ ಕೊನೆಯ ಪೆಟ್ಟು ಬಿದ್ದದ್ದೇ ಓಣಿಯ ಅಂಚಿನ ಧೂಳಿನಲ್ಲಿ ದೊಪ್ಪೆಂದು ಬಿದ್ದ. ಭಾಗಮ್ಮ ಕಿರುಚಿದಳು. ಸಾಬಮ್ಮನಿಗೆ ಮಾತ್ರ ಅಳುವಿನ ನಡುವೆಯೇ ನಗು ಬಂತು.

ಕರೀಂಸಾಬರು ಬಿದ್ದಲ್ಲಿಂದಲೇ ಪದ್ಧತಿಯಂತೆ ಕೈ ಮೇಲೆ ಚಾಚಿದರು. ಎಬ್ಬಿಸಬೇಕಾದ ಹುಲಿ ಬಂದೂಕು ತಬ್ಬಿಕೊಂಡು ಓಣಿಯ ತಿರುವು ದಾಟುತ್ತಿತ್ತು.