ಅತ್ತಿಗೆಯ ಮೂರು ಪ್ಲಸ್

ನಾನು ಶಾಲೆಯ ಬಸ್ಸು ಓಡಿಸುತ್ತಿದ್ದೆ. ವರ್ಷಕ್ಕೊಮ್ಮೆ ಕಂಪನಿಯ ಡಾಕ್ಟರು ಕಣ್ಣು, ಕಿವಿ, ಮೂತ್ರ ನೋಡಿ ಕಾಗದಕ್ಕೆ ಸೀಲು ಒತ್ತಿದರೆ ಮತ್ತೆ ಸ್ಟೀರಿಂಗ್ ನಮ್ಮ ಕೈಗೆ. ಈ ಸಲ ಮಾತ್ರ ಎದೆ ಡವಡವ. ಎರಡು ತಿಂಗಳಿಂದ ಎಷ್ಟು ನೀರು ಕುಡಿದರೂ ಬಾಯಿ ಒಣಗುತ್ತಿತ್ತು, ಒಂದು ಟ್ರಿಪ್ಪು ಮುಗಿಸುವಷ್ಟರಲ್ಲಿ ಶೌಚಾಲಯಕ್ಕೆ ಓಡಬೇಕಾಗುತ್ತಿತ್ತು. ಅಮ್ಮನಿಗೂ ಸಕ್ಕರೆ ಕಾಯಿಲೆ ಶುರುವಾದದ್ದು ಹೀಗೇ. ಮೂತ್ರದಲ್ಲಿ ಸಕ್ಕರೆ ಕಂಡರೆ, ಅದು ಹತೋಟಿಗೆ ಬರುವವರೆಗೆ ಬಸ್ಸು ಮುಟ್ಟುವಂತಿಲ್ಲ.

ಅದಕ್ಕೇ ಅತ್ತಿಗೆಯ ಹತ್ತಿರ ಹೋದೆ. ಹದಿನೈದು ವರ್ಷದಿಂದ ಬೇಕರಿಯಲ್ಲಿ ಹಿಟ್ಟು ನಾದುವವರು, ಜ್ವರ ಅಂತ ಒಂದು ದಿನ ಮಲಗಿದವರಲ್ಲ. ನಮ್ಮಿಬ್ಬರದು ಮಾತ್ರ ಎಣ್ಣೆ ಸೀಗೆಕಾಯಿ ಸಂಬಂಧ.

"ಅತ್ತಿಗೆ, ಒಂದು ಶೀಶೆ ತುಂಬಿಸಿ ಕೊಡ್ತೀರಾ?"

ವಿಷಯ ಕೇಳಿ ನಕ್ಕುಬಿಟ್ಟರು. "ಆರು ತಿಂಗಳಿಂದ ಮಾತಿಲ್ಲ ಕತೆಯಿಲ್ಲ. ಈಗ ಬಾಯಿ ಬಿಟ್ಟದ್ದು ಇದಕ್ಕಾ?" ಆದರೂ ಕೊಟ್ಟರು.

ಡಾಕ್ಟರು ಅದರಲ್ಲಿ ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಇನ್ನೊಂದು ಪಟ್ಟಿ ಅದ್ದಿದರು.

"ಸಕ್ಕರೆ ಇಲ್ಲ," ಅಂದರು. ಹೋದ ಜೀವ ಬಂದಂತಾಯಿತು. "ಆದರೆ ಪ್ರೋಟೀನು ಮೂರು ಪ್ಲಸ್, ತೀರಾ ಜಾಸ್ತಿ. ಕಾಲು ಊದುತ್ತಾ? ಮೂತ್ರದಲ್ಲಿ ನೊರೆ ಬರುತ್ತಾ?"

"ಇಲ್ಲ."

"ಪ್ರೋಟೀನು ರಕ್ತದಲ್ಲೇ ಉಳೀಬೇಕಾದ್ದು. ಇಷ್ಟು ಸೋರ್ತಿದೆ ಅಂದ್ರೆ ಕಿಡ್ನಿಯ ಜರಡಿ ಹರಿದಿರಬಹುದು. ಸೋರಿದಷ್ಟೂ ಕಿಡ್ನಿಗೆ ಇನ್ನಷ್ಟು ಪೆಟ್ಟು. ನೋವಿರಲ್ಲ, ಅದೇ ಅಪಾಯ. ಸೋಮವಾರ ಬನ್ನಿ, ಮತ್ತೆ ನೋಡಿ ರಕ್ತ ತೆಗೀತೀನಿ. ಅಲ್ಲೀವರೆಗೆ ಬಸ್ಸು ಓಡಿಸಬಹುದು."

ನೇರ ಅಣ್ಣನ ಮನೆಗೆ ಹೋದೆ. ಅತ್ತಿಗೆ ಆಗಷ್ಟೇ ಕೆಲಸದಿಂದ ಬಂದು ಕಾಲುಚೀಲ ಬಿಚ್ಚುತ್ತಿದ್ದರು. ಚೀಲದ ಅಂಚು ಕೂತ ಜಾಗದಲ್ಲಿ ಬೆರಳು ಹೂತುಹೋಗುವಂಥ ಗುಳಿ. ತಲೆನೋವಿಗೆ ಮಾತ್ರೆ ನುಂಗಿದರು. ದಿನಾ ಎರಡು ಬೇಕಂತೆ.

ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ.

"ನಿಂತು ನಿಂತು ಕಾಲು ಊದುತ್ತೆ, ಒಲೆಯ ಝಳಕ್ಕೆ ತಲೆ ನೋಯುತ್ತೆ. ನಿನ್ನ ಶೀಶೆ ಕೊಳಕಾಗಿತ್ತು, ಅಷ್ಟೇ. ಚೀಟಿ ನಿನ್ನ ಹೆಸರಲ್ಲಿ, ಕಾಯಿಲೆ ನಂಗಾ?"

ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಣ್ಣನಿಗೆ ಹೇಳೋಣವೆಂದರೆ ಅವನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನನ್ನ ಮೋಸ ಕಂಪನಿಯ ತನಕ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಬಸ್ಸು ಓಡಿಸಿದೆ. ಪ್ರತಿ ಸಿಗ್ನಲ್ಲಿನಲ್ಲೂ ಆ ಗುಳಿಯೇ ಕಣ್ಣಮುಂದೆ.

ಭಾನುವಾರ ಫೋನು ಮಾಡಿ, "ನಂಗೆ ಭಯ, ನಾಳೆ ಡಾಕ್ಟರ ಹತ್ತಿರ ಜೊತೆಗೆ ಬನ್ನಿ" ಅಂದೆ. ಅದು ಸುಳ್ಳೂ ಅಲ್ಲ. ಬಂದರು. ಕಾಯುವ ಬೆಂಚಿನ ಮೇಲೆ ಕೂತು, ಕೈಚೀಲದಿಂದ ಒಂದು ಶೀಶೆ ತೆಗೆದು ನನ್ನ ಕೈಗೆ ತುರುಕಿದರು. "ಕುದಿಸಿ ತೊಳೆದು ತುಂಬಿಸಿದೀನಿ. ಈ ಸಲ ನೋಡು, ಏನೂ ಇರಲ್ಲ," ಅಂತ ಪಿಸುಗುಟ್ಟಿದರು.

ನನ್ನದೇ ಮೂತ್ರದ ಶೀಶೆ ನನ್ನ ಚೀಲದಲ್ಲಿತ್ತು. ನರ್ಸು ಕರೆದಾಗ ಅತ್ತಿಗೆಯನ್ನೂ ಒಳಗೆ ಕರೆದುಕೊಂಡು ಹೋಗಿ ಎರಡನ್ನೂ ಮೇಜಿನ ಮೇಲಿಟ್ಟೆ.

"ಡಾಕ್ಟ್ರೇ, ಇದು ನಂದು. ಇದು ಇವರದ್ದು. ಹೋದ ಸಲ ಕೊಟ್ಟದ್ದೂ ಇವರದ್ದೇ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ತಿರುಗಿ ಹೊರಟವರ ಕೈ ಹಿಡಿದೆ, ಕೊಡವಿದರು. ಡಾಕ್ಟರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, "ಅಮ್ಮಾ, ಎರಡೇ ನಿಮಿಷ ಕೂತ್ಕೊಳ್ಳಿ" ಅಂದು ಅವರ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದರು. ಗಾಳಿ ಇಳಿಯುತ್ತಾ ಹೋಯಿತು. ನೂರ ತೊಂಬತ್ತು.

ಅವರ ಶೀಶೆಯಲ್ಲಿ ಮತ್ತೆ ಮೂರು ಪ್ಲಸ್. ನನ್ನದರಲ್ಲಿ ಸಕ್ಕರೆ. ಅತ್ತಿಗೆಯ ರಕ್ತದ ವರದಿ ಮರುದಿನ ಬಂತು: ಕಿಡ್ನಿ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ.

"ಹೋದದ್ದು ಬರಲ್ಲ," ಅಂದರು ಡಾಕ್ಟರು. "ಉಳಿದದ್ದನ್ನ ಕಾಪಾಡೋಣ. ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು, ಇವತ್ತೇ ಬಿಡಿ. ಔಷಧಿಯಿಂದ ಬಿ.ಪಿ. ಇಳಿದು ಸೋರೋದು ಕಡಿಮೆಯಾದ್ರೆ ಕಿಡ್ನಿ ಇನ್ನಷ್ಟು ವರ್ಷ ಬಾಳುತ್ತೆ."

ನಾನು ಸೋಮವಾರ ಸಂಜೆಯೇ ಬಸ್ಸಿನ ಕೀಲಿ ಒಪ್ಪಿಸಿದ್ದೆ. ಮೋಸಕ್ಕೆ ಆರು ತಿಂಗಳು ಅಮಾನತು. ಅಣ್ಣ ಬೈದದ್ದು ಬೀದಿಗೆಲ್ಲ ಕೇಳಿಸಿತು. ಅತ್ತಿಗೆ ಬೈಯಲಿಲ್ಲ, ಮೂರು ವಾರ ನನ್ನ ಮುಖವನ್ನೇ ನೋಡಲಿಲ್ಲ.

ನಾಲ್ಕು ತಿಂಗಳಿಗೆ ಪ್ರೋಟೀನು ಒಂದು ಪ್ಲಸ್ಸಿಗೆ ಇಳಿಯಿತು. ಕಿಡ್ನಿ ಇದ್ದಲ್ಲೇ ನಿಂತಿತ್ತು, ಇನ್ನಷ್ಟು ಕೆಟ್ಟಿರಲಿಲ್ಲ. ವರದಿ ಹಿಡಿದು ನನ್ನ ಮುಂದೆ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಿದ್ದ ಅತ್ತಿಗೆ ತಟ್ಟನೆ ನಿಂತರು.

"ನಿನ್ನ ಸಕ್ಕರೆ ಎಷ್ಟಿದೆ?"

ಹೇಳಿದೆ.

"ಇನ್ನೂ ಇಳೀಬೇಕು," ಅಂದು, ಕಂಬಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.