ರಾಮಲಿಂಗಂ ನಿಂತಿದ್ದ ಜಾಗ

ಗಣಪತಿ ಎಂಬ ಬಡಾವಣೆಯ ಪಂಪ್ ಕಾರ್ಖಾನೆಗೆ ಶಿವಗಾಮಿ ಹೋದದ್ದು 1987ರ ಆಗಸ್ಟಿನಲ್ಲಿ, ಅಪಘಾತವಾಗಿ ಹನ್ನೊಂದು ದಿನಗಳಾದ ಮೇಲೆ. ಪಂಪಿನ ಎರಕಗಳನ್ನು ಕೊರೆಯುವ ದೊಡ್ಡ ಯಂತ್ರ ಸುಮ್ಮನೆ ನಿಂತಿತ್ತು. ಅದರ ಮೇಜಿಗೂ ಗೋಡೆಯ ಪಕ್ಕದ ಕಬ್ಬಿಣದ ಕಂಬಕ್ಕೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ನೆಲವನ್ನು ಸೋಪು ಹಾಕಿ ತಿಕ್ಕಿದ್ದರು. ಸುತ್ತಲಿನ ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿದ್ದರಿಂದ ಆ ತುಂಡು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಹೊಸ ಮೋಟಾರು ಕೂರಿಸಿ ಮೊದಲ ಸಲ ಸ್ವಿಚ್ ಹಾಕಿದಾಗ ಮೇಜು ನುಗ್ಗಿ ಬಂದು ಆಪರೇಟರ್ ರಾಮಲಿಂಗಂನ ಸೊಂಟವನ್ನು ಆ ಕಂಬಕ್ಕೆ ಒತ್ತಿಬಿಟ್ಟಿತ್ತು. ಹೊಡೆತಕ್ಕೆ ಮೋಟಾರಿನ ಹಿಂಬದಿಯ ಎನ್‌ಕೋಡರ್ ಒಡೆದಿತ್ತು. ಅದರೊಳಗೆ ಕೂದಲೆಳೆಯಂಥ ಗೆರೆಗಳ ಗಾಜಿನ ಬಿಲ್ಲೆಯೊಂದು ಇರುತ್ತದೆ. ಗೆರೆಗಳ ನಡುವೆ ಹಾದುಬರುವ ಬೆಳಕನ್ನು ಎಣಿಸಿ, ಮೋಟಾರು ಎಷ್ಟು ತಿರುಗಿತು, ಯಾವ ಕಡೆಗೆ ತಿರುಗಿತು ಎಂದು ಅದು ಯಂತ್ರಕ್ಕೆ ಹೇಳುತ್ತದೆ. ಹೊಸದನ್ನು ಕೂರಿಸಲು ಗಾಂಧಿಪುರಂನ ರಿಪೇರಿ ಅಂಗಡಿಯಿಂದ ಶಿವಗಾಮಿಯನ್ನು ಕರೆಸಿದ್ದರು.

ರಾಮಲಿಂಗಂ ತಪ್ಪು ಬಟನ್ ಒತ್ತಿದ ಎಂದು ಮಾಲೀಕ ಚೆನ್ನಕೇಶವನ್ ಎಲ್ಲರಿಗೂ ಹೇಳಿದ್ದರು. ಅವಳಿಗೂ ಹೇಳಿದರು. ಅದನ್ನು ಕೇಳಿ ಫಿಟ್ಟರ್ ಗೋವಿಂದಸಾಮಿ ತಲೆ ತಗ್ಗಿಸಿದರು. ರಾಮಲಿಂಗಂ ಅವರ ಒಡಹುಟ್ಟಿದ ತಮ್ಮ; ಇನ್ನೂ ಆಸ್ಪತ್ರೆಯಲ್ಲಿದ್ದ. ಶಿವಗಾಮಿಯ ಮನೆಯಿದ್ದ ನೇಕಾರರ ಬೀದಿಯಲ್ಲೇ ಅವರ ಮನೆಯೂ ಇತ್ತು; ಇಬ್ಬರ ಮನೆಮಾತೂ ಕನ್ನಡ.

ಆಗ ಕರೆಂಟು ಹೋಗಿತ್ತು. ಶಿವಗಾಮಿ ಯಂತ್ರದ ಮೂರು ಫ್ಯೂಸುಗಳನ್ನು ಕಳಚತೊಡಗಿದಳು.

"ಕರೆಂಟೇ ಇಲ್ಲ ಕಣ್ಣು, ಮೂರು ಗಂಟೆಗೇ ಬರೋದು. ಫ್ಯೂಸ್ ಯಾಕೆ?" ಎಂದರು ಗೋವಿಂದಸಾಮಿ. ಅವಳನ್ನು ಚಿಕ್ಕಂದಿನಿಂದಲೂ ಅಕ್ಕರೆಯಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು.

"ನಂಗೆ ಭಯ ಮಾಮಾ. ಇವು ನನ್ನ ಚೀಲದಲ್ಲಿದ್ರೇ ಕೈ ಒಳಗೆ ಹೋಗುತ್ತೆ."

ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಅವಳು ನೆಲದ ಮೇಲೆ ಒರಗಿ, ಮೇಜಿನ ಕೆಳಗಿನ ಸಂದಿಗೆ ಭುಜದವರೆಗೂ ಕೈ ತೂರಿಸಿದಳು. ಗಾಜಿನ ಬಿಲ್ಲೆಯನ್ನು ಅಂಚಿನಲ್ಲಷ್ಟೇ ಹಿಡಿಯಬೇಕು. ಬೆರಳಿನ ಜಿಡ್ಡು ತಾಗಿದರೂ ಬೆಳಕಿಗೆ ಅಡ್ಡ. ಸುತ್ತಿಗೆಯಲ್ಲಿ ತಟ್ಟುವಂತಿಲ್ಲ. ಬಿಲ್ಲೆ ನಟ್ಟನಡುವೆ ಕೂತಿದೆಯೇ ಎಂದು ತೋರಿಸುವ ಅಳತೆಯ ಗಡಿಯಾರದ ಮುಳ್ಳು ನೋಡುತ್ತ ಮೋಟಾರಿನ ದಂಡವನ್ನು ಕೈಯಿಂದಲೇ ತಿರುಗಿಸಿದಳು. ಮುಳ್ಳು ಓಲಾಡಿತು. ಸ್ಕ್ರೂ ಸಡಿಲಿಸಿ, ಬಿಲ್ಲೆಯನ್ನು ಎಳೆಯಷ್ಟು ಸರಿಸಿ, ಮತ್ತೆ ತಿರುಗಿಸಿದಳು.

ಎರಡೂಕಾಲಿಗೇ ಕರೆಂಟು ಬಂತು. ಯಾರೂ ಆರಿಸದೆ ಬಿಟ್ಟಿದ್ದ ಲೇತ್ ಯಂತ್ರಗಳೆಲ್ಲ ಒಟ್ಟಿಗೆ ಮೊರೆದವು. ಶಿವಗಾಮಿ ಕೈ ಎಳೆದುಕೊಳ್ಳಲು ನೋಡಿದಳು; ರವಿಕೆಯ ತೋಳು ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಫ್ಯೂಸು ತನ್ನ ಬಳಿಯೇ ಇದೆಯೆಂದು ಅವಳಿಗೆ ಗೊತ್ತಿತ್ತು. ಆದರೂ ಕಾಲುಗಳು ತಾವಾಗಿಯೇ ನೆಲವನ್ನು ಒದೆಯತೊಡಗಿದವು.

"ನಿಲ್ಲು ಕಣ್ಣು, ಎಳೀಬೇಡ. ಫ್ಯೂಸು ನಿನ್ ಚೀಲದಾಗೇ ಐತೆ," ಎಂದು ಗೋವಿಂದಸಾಮಿ ಬಗ್ಗಿ ತೋಳು ಬಿಡಿಸಿದರು.

ನೀರು ಕುಡಿದು ಅವಳು ಮತ್ತೆ ಕೈ ತೂರಿಸಿದಳು. ಮುಳ್ಳು ಅಲುಗದೆ ನಿಲ್ಲುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು. ಡಬ್ಬಿಯಲ್ಲಿ ಬಂದ ನಕ್ಷೆಯಂತೆ ತಂತಿಗಳನ್ನು ಜೋಡಿಸಿದಳು.

"ಓಟ್ಟಿ ಪಾರಮ್ಮಾ," ಓಡಿಸಿ ನೋಡು ಎಂದರು ಚೆನ್ನಕೇಶವನ್.

"ಮೊದಲು ಮೋಟಾರಿಗೂ ಮೇಜಿಗೂ ಇರೋ ಕೊಂಡಿ ಬಿಚ್ಚಬೇಕು ಸಾರ್," ಎಂದು ಅವಳು ತಮಿಳಿನಲ್ಲೇ ಹೇಳಿದಳು. "ಇಲ್ಲದಿದ್ರೆ ನಾನು ಸ್ವಿಚ್ ಹಾಕೋದಿಲ್ಲ."

ಅವರು ಮುಖ ಗಂಟಿಕ್ಕಿದರು. ಗೋವಿಂದಸಾಮಿ ಮಾತ್ರ ಯಾರನ್ನೂ ಕೇಳದೆ ಸ್ಪ್ಯಾನರ್ ತೆಗೆದುಕೊಂಡು ಕೊಂಡಿ ಬಿಚ್ಚಿದರು. ಆಮೇಲೆ ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಅಂಗೈ ಇಟ್ಟು ನಿಂತರು. ಉಳಿದವರೆಲ್ಲ ಬಾಗಿಲವರೆಗೂ ಸರಿದರು. ಅವಳು ಫ್ಯೂಸು ಹಾಕಿ, ಪಕ್ಕಕ್ಕೆ ನಿಂತು, ಸ್ವಿಚ್ ಒತ್ತಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಮೋಟಾರು ಒಮ್ಮೆ ಬೆಚ್ಚಿದಂತಾಗಿ, ಚೀರುತ್ತ ತಿರುಗತೊಡಗಿತು. ಹಲಗೆಯ ಮೇಲಿದ್ದ ಸ್ಪ್ಯಾನರ್ ಅದುರಿ ಕೆಳಗೆ ಬಿತ್ತು. ಗೋವಿಂದಸಾಮಿ ಗುಂಡಿ ಗುದ್ದಿದರು. ಮೇಜು ಇದ್ದಲ್ಲೇ ಇತ್ತು.

ಯಾರೂ ಬೇರೆ ಬಟನ್ ಒತ್ತಿರಲಿಲ್ಲ. ಚೆನ್ನಕೇಶವನ್ ಆ ಬೆಳ್ಳನೆಯ ನೆಲ ನೋಡುತ್ತ ನಿಂತುಬಿಟ್ಟರು.

ಶಿವಗಾಮಿ ಫ್ಯೂಸು ತೆಗೆದು, ಎನ್‌ಕೋಡರಿನ ಮೇಲಿದ್ದ ನಂಬರನ್ನು ನಕ್ಷೆಯಲ್ಲಿದ್ದ ನಂಬರಿನ ಜೊತೆ ಹೋಲಿಸಿದಳು. ನಕ್ಷೆ ಹಳೆಯ ಮಾದರಿಯದು. ಹೊಸದರಲ್ಲಿ ಹಳದಿ, ಹಸಿರು ತಂತಿಗಳು ಅದಲುಬದಲಾಗಿದ್ದವು. ಹಾಗಾಗಿ ಮೋಟಾರು ಮುಂದೆ ತಿರುಗಿದರೆ ಎನ್‌ಕೋಡರ್ ಹಿಂದೆ ಎನ್ನುತ್ತಿತ್ತು. ಅದನ್ನು ಸರಿಪಡಿಸಲು ಯಂತ್ರ ಮೋಟಾರನ್ನು ಇನ್ನೂ ಜೋರಾಗಿ ಮುಂದೆಯೇ ಓಡಿಸುತ್ತಿತ್ತು. ಒಡೆದದ್ದೂ ಹೊಸ ಮಾದರಿಯದೇ; ಅದನ್ನೂ ಇಂಥ ನಕ್ಷೆಯಂತೆಯೇ ಜೋಡಿಸಿದ್ದರು. ಆ ಎರಡು ತಂತಿ ಬದಲಿಸಿ ಫ್ಯೂಸು ಹಾಕಿದ ಮೇಲೆ ಮೋಟಾರು ಗುಂಯ್‌ಗುಟ್ಟುತ್ತ ಸುಮ್ಮನಿತ್ತು. ಕೊಂಡಿ ಸೇರಿಸಿ ಮೇಜನ್ನು ಹತ್ತು ಮಿಲಿಮೀಟರ್ ಸರಿಸಿದಾಗಲೂ ಗೋವಿಂದಸಾಮಿ ಕಣ್ಣು ಮುಚ್ಚಿಕೊಂಡೇ ಇದ್ದರು.

ಸಂಜೆ ಅವಳೂ ಗೋವಿಂದಸಾಮಿಯೂ ಟೌನ್ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದರು.

"ನೀನೇ ಹೇಳು ಕಣ್ಣು. ಬಿದ್ದವನನ್ನ ನಾನೂ ಬೈದುಬಿಟ್ಟಿದೀನಿ," ಎಂದರು ಗೋವಿಂದಸಾಮಿ, ವಾರ್ಡಿನ ಬಾಗಿಲಲ್ಲಿ.

ಅವಳು ತಂತಿಗಳ ವಿಷಯ ಹೇಳಿದಳು. ರಾಮಲಿಂಗಂ ತನ್ನ ಬಲಗೈಯನ್ನು ಎತ್ತಿ ನೋಡಿಕೊಂಡ.

"ಹಂಗಾದ್ರೆ ನಾನು ಒತ್ತಿದ್ದು ತಪ್ಪಲ್ಲವಾ?"

"ನೀವು ಯಾವ ಬಟನ್ ಒತ್ತಿದ್ರೂ ಅದು ಹಂಗೇ ಓಡ್ತಿತ್ತು, ಚಿಕ್ಕ ಮಾಮಾ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಗೋವಿಂದಸಾಮಿ ಮಂಚದ ತುದಿಯಲ್ಲಿ ಕೂತು ತಮ್ಮನ ಪಾದ ಹಿಡಿದುಕೊಂಡರು.

"ನಾಳೆ ಅದರ ಮುಂದೆ ಯಾರು ನಿಲ್ತಾರೆ?" ರಾಮಲಿಂಗಂ ಕೇಳಿದ.

"ನಾನೇ," ಎಂದರು ಗೋವಿಂದಸಾಮಿ.

"ಮುಂದೆ ಬೇಡ ಮಾಮಾ," ಎಂದಳು ಶಿವಗಾಮಿ. "ಪಕ್ಕಕ್ಕೇ ನಿಲ್ಲಿ."