ಭಟ್ಟಿಯೊಳಗಿನ ತೊಟ್ಟಿಲು

"ಈ ಗಾಳಿಕಿಂಡಿ ಯಾರು ಮುಚ್ಚಿದ್ರು?"

ಇದ್ದಲಿ ಭಟ್ಟಿಯ ಪಡುವಣ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಭೀಮಶಿಯ ದನಿ ಏರಲಿಲ್ಲ. ಏರದಿದ್ದುದಕ್ಕೇ ಮಗಳು ಪ್ರಜ್ಞಾಳಿಗೆ ಅಂಜಿಕೆಯಾಯಿತು.

"ನಾನಽ ಅಪ್ಪಾ. ಮುಂಜಾನಿ ನೋಡಿದ್ರ ಒಳಗ ಕೆಂಪ ಉರಿ ಕಾಣಾಕತ್ತಿತ್ತು. ನೀ ಮರತೀ ಅಂತ ಹಸಿಮಣ್ಣ ಮೆತ್ತಿದೆ."

"ಚಲೋನಽ ಮಾಡ್ಯಾಳ ಬಿಡಣ್ಣಾ," ಬುಟ್ಟಿ ಹೊತ್ತು ಬಂದ ನೆರೆಮನೆಯ ಕಾಡವ್ವ ನಕ್ಕಳು. "ಬಿಎಸ್ಸಿ ಕಲತಾಕಿ. ಮಂದಿ ಕೂಡ ಮಾತಾಡೂದಿಲ್ಲಂದ್ರೂ ಹೊಗಿ ಕೂಡ ಮಾತಾಡ್ತಾಳ!"

ಸುರೇಬಾನ ಊರಿನ ಹೊರಗೆ, ಜಾಲಿ ಕಡಿದು ಸುಡುವವರ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಕಾಲೇಜು ಕಲಿಸಬೇಕಾಗಿರಲಿಲ್ಲ. ಗಾಳಿ ಹೊಕ್ಕರೆ ಕಟ್ಟಿಗೆ ಬೂದಿ, ಗಾಳಿ ಕಟ್ಟಿದರೆ ಇದ್ದಲಿ. ಮೊದಲು ಬಿಳಿ ಹೊಗೆಯಲ್ಲಿ ಹಸಿ ಹೋಗುತ್ತದೆ. ಆಮೇಲೆ ಕಣ್ಣುರಿಸುವ ಹಳದಿ ಹೊಗೆಯಲ್ಲಿ ಒಳಗಿನ ರಸ, ಅಂಟು ಎಲ್ಲ. ಹೊಗೆ ತೆಳ್ಳಗಾಗಿ ನೀಲಿಗೆ ತಿರುಗಿತೆಂದರೆ ಅಲ್ಲಿ ಉಳಿದಿರುವುದು ಕಟ್ಟಿಗೆಯಲ್ಲ, ಅದರ ಕರಿ ಆಕಾರ. ಕೆಂಪು ಕಂಡಲ್ಲಿ ಮಣ್ಣು ಮೆತ್ತುವುದು ಈ ಮನೆಯ ಕೈಗಳಿಗೆ ಉಸಿರಾಡಿದಷ್ಟು ಸಲೀಸು.

ಕಾಡವ್ವ ದೂರ ಹೋದ ಮೇಲೆ ಭೀಮಶಿ ಹೇಳಿದ, "ಅಲ್ಲಿ ತೊಟ್ಲ ಇಟ್ಟಿದ್ದೆ, ಯವ್ವಾ."

ಪ್ರಜ್ಞಾಳ ಅಕ್ಕ ಪೂನಮ್ ಬಾಣಂತನಕ್ಕೆ ತವರಿಗೆ ಬಂದು ಕೆಲವೇ ದಿನಗಳ ಹೆಣ್ಣುಕೂಸನ್ನು ಕಳೆದುಕೊಂಡಿದ್ದಳು. ಅತ್ತಿರಲಿಲ್ಲ. ಉಣ್ಣದೆ, ಮಲಗದೆ ಬರಿದಾದ ತೊಟ್ಟಿಲ ಹಗ್ಗ ಎಳೆಯುತ್ತ ಕೂತಿರುತ್ತಿದ್ದಳು. ಸತ್ತ ಕೂಸಿನ ತೊಟ್ಟಿಲನ್ನು ಯಾರೂ ಒಯ್ಯಲೊಲ್ಲರು. ಬಯಲಲ್ಲಿ ಸುಟ್ಟರೆ ಉರಿ ಅವಳ ಕಣ್ಣಿಗೆ ಬೀಳುತ್ತದೆ. ಪರವೂರಿನ ಬಡವರಿಗೆ ಕೊಟ್ಟೆನೆಂದು ಸುಳ್ಳು ಹೇಳಿ, ಭೀಮಶಿ ಅದನ್ನು ಭಟ್ಟಿಯ ಅಂಚಿಗಿಟ್ಟು, ಬೂದಿಯಾಗಲೆಂದೇ ಆ ಕಿಂಡಿ ತೆರೆದಿಟ್ಟಿದ್ದ. ಸುಳ್ಳನ್ನು ನಂಬಿದ ಪೂನಮ್ ಈಗೀಗ ರೊಟ್ಟಿ ಮುರಿಯತೊಡಗಿದ್ದಳು.

"ಈಗ ಕಿಂಡಿ ತೆಗದ್ರ?"

"ಹೊಗಿ ನೀಲಿ ಆಗೇತಿ. ಈಗ ಬಾಯಿ ತೆಗದ್ರ ಇಡೀ ಭಟ್ಟಿ ಹೊತ್ತತೇತಿ. ಆರಲಿ. ತೆಗಿಯೂ ದಿನ ನಿಮ್ಮಕ್ಕ ಏಳೂದ್ರಾಗ ಒಡದ ಪುಡಿ ಮಾಡೂಣು."

ಭಟ್ಟಿ ಆರುವಾಗ ಒಳಗಿಂದ ಸದ್ದು ಬರುವುದು ಹೊಸದಲ್ಲ. ಇದ್ದಲಿ ತಣಿದು ಕುಗ್ಗುವಾಗ ಗಾಜಿನಂತೆ ಟಿಣ್ ಎನ್ನುತ್ತದೆ. ಪ್ರಜ್ಞಾಳಿಗೆ ಅದು ಗೊತ್ತಿತ್ತು. ಆದರೂ ಆ ದಿನಗಳಲ್ಲಿ ಸದ್ದು ಪಡುವಣ ಬದಿಯಿಂದಷ್ಟೇ ಬಂದಂತೆ ಕೇಳಿತು. ಬಿಟ್ಟು ಬಿಟ್ಟು, ಯಾರೋ ಕಾಲು ಆಡಿಸಿದ ಹಾಗೆ.

ಭಟ್ಟಿ ತೆಗೆಯುವ ದಿನ, ಬೆಳಕು ಹರಿಯುವ ಹೊತ್ತಿಗೆ ತಂದೆ ಮಗಳು ಮಣ್ಣು ಸರಿಸಿದರು. ಸುತ್ತ ಕಟ್ಟಿಗೆಗಳನ್ನು ನಿಲ್ಲಿಸಿ ಒರಗಿಸಿದ್ದರಿಂದ ಮೇಲೆ ಭಾರ ಬಿದ್ದಿರಲಿಲ್ಲ. ತೊಟ್ಟಿಲು ಇಡಿಯಾಗಿ ಕೂತಿತ್ತು. ಅದರ ಕಂಬದ ತುದಿಗೆ ಕೆತ್ತಿದ ಗಿಳಿಗಳಿಗೆ ಕೊಕ್ಕು ಹಾಗೇ ಇತ್ತು. ಹಗ್ಗ ಕೂಡ ಗಂಟು ಬಿಚ್ಚದೆ ಕಪ್ಪಾಗಿತ್ತು. ಭೀಮಶಿ ಮುಖ ತಿರುಗಿಸಿದ. ಪ್ರಜ್ಞಾ ಸಲಿಕೆ ಎತ್ತಿದಳು. ಹೊಡೆಯದೆ ಇಳಿಸುವಾಗ ಅದರ ಅಂಚು ಬರಿದೇ ತಾಗಿತು. ತೊಟ್ಟಿಲು ಕಂಚಿನಂತೆ ಮಿಡಿಯಿತು.

"ಕುಗ್ಗೇತಲ್ಲ," ಹಿಂದಿನಿಂದ ಯಾರೋ ಅಂದರು.

ಪೂನಮ್ ಬರಿಗಾಲಲ್ಲಿ ನಿಂತಿದ್ದಳು. ಅಪ್ಪನ ಪಕ್ಕ ಹಾದು ಮುಂದೆ ಬಂದಳು. ಕೂತು, ತೊಟ್ಟಿಲಿನೊಳಗೆ ಗೇಣು ಹಾಕಿ ಅಳೆದಳು.

"ಮದಲ ಅಕಿಗೆ ಭಾಳ ದೊಡ್ಡದಾಗಿತ್ತು. ಅರಿವಿಯೊಳಗ ಕೂಸು ಎಲ್ಲೈತಿ ಅಂತ ಹುಡಕತಿದ್ದೆ. ಈಗ ಸರಿ ಆತ ನೋಡು."

"ಅಕ್ಕಾ, ಮುಟ್ಟಬ್ಯಾಡ, ಮುರೀತೇತಿ!" ಒಡೆಯಲೆಂದೇ ಬಂದವಳ ಬಾಯಿಂದ ಆ ಮಾತು ಹೊರಟಿತು.

"ಸಾವಕಾಶ ಎತ್ತತೇನಿ."

ಎತ್ತಿದಳು. ಅದಕ್ಕೆ ತೂಕವೇ ಇದ್ದಂತಿರಲಿಲ್ಲ. ಎದೆಗಾನಿಸಿ ಸೆರಗು ಹೊದಿಸಿ, ಮನೆಯ ದಾರಿ ಹಿಡಿದಳು. ಎದುರಿಗೆ ಬಂದ ಕಾಡವ್ವ ಏನದು ಎಂದು ಕೇಳಲು ಬಾಯಿ ತೆರೆದಳು. ಪೂನಮ್ ತುಟಿಯ ಮೇಲೆ ಬೆರಳಿಟ್ಟಳು. ಕಾಡವ್ವ ಬುಟ್ಟಿಯನ್ನು ಸದ್ದಾಗದಂತೆ ಹಿಡಿದುಕೊಂಡು, ಬದಿಗೆ ಸರಿದು ದಾರಿ ಬಿಟ್ಟಳು.